ಕಡುನೀಲಿ ಪಟ್ಟಿಯ ಟೋಪಿ: ಡೆನ್ಮಾರ್ಕಿನಲ್ಲಿ ಮಗಳ ಎಚ್‌ಟಿಎಕ್ಸ್ ಓದಿನ ಮೂರು ವರ್ಷ

2025ರ ಜೂನ್ ಕೊನೆಯ ವಾರ. ಮಗಳು ಕೊನೆಯ ಮೌಖಿಕ ಪರೀಕ್ಷೆ ಮುಗಿಸಿ ಕೋಣೆಯಿಂದ ಹೊರಗೆ ಬಂದಳು. ಓದು ಮುಗಿಸಿದವರು ಇಲ್ಲಿ ಹಾಕಿಕೊಳ್ಳುವ, ಕಡುನೀಲಿ ಪಟ್ಟಿಯ ಬಿಳಿ ಟೋಪಿಯನ್ನು ಅವಳ ತಲೆಯ ಮೇಲೆ ಇಟ್ಟದ್ದು ನಾನೇ. ಕಾರಿಡಾರಿನಲ್ಲಿ ಅವಳ ಅಪ್ಪ, ತಮ್ಮ, ಮೂವರು ಗೆಳತಿಯರು ಪುಟ್ಟ ಪುಟ್ಟ ಬಾವುಟ ಹಿಡಿದು ನಿಂತಿದ್ದರು. ಆ ಟೋಪಿ ನೋಡಿದಾಗಿನಿಂದ ಇಲ್ಲಿರುವ ಎರಡು ಮೂರು ಕನ್ನಡ ಕುಟುಂಬಗಳವರು ನನಗೆ ಫೋನ್ ಮಾಡಿ ಕೇಳುತ್ತಲೇ ಇದ್ದಾರೆ: "ನೀವು ಯಾಕೆ ಐಬಿ ಬಿಟ್ಟು ಡ್ಯಾನಿಶ್ ಶಾಲೆಗೆ ಹಾಕಿದ್ರಿ? ನಮ್ಮ ಮಗುಗೆ ಯಾವುದು ಸರಿ?" ಐಬಿ ಎಂದರೆ ಇಂಗ್ಲಿಷ್‌ನಲ್ಲಿ ನಡೆಯುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಎಂಬ ಓದು. ಪ್ರತಿಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಬರೆಯುವುದಿಲ್ಲ. ಆರ್ಹುಸ್ ಆಸುಪಾಸಿನದು ಅಂದರೆ ಸಾಕು. ನಾನು ಬರೆಯುತ್ತಿರುವುದು ಎಚ್‌ಟಿಎಕ್ಸ್ ಎಂಬ ತಂತ್ರಜ್ಞಾನದ ಓದಿನ ಬಗ್ಗೆ.

ಏನೂ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ವಿವರ. ಇಲ್ಲಿ ಒಂಬತ್ತನೇ ತರಗತಿಯವರೆಗೆ ಫೋಲ್ಕೆಸ್ಕೋಲೆ, ಅಂದರೆ ಸರ್ಕಾರಿ ಶಾಲೆ. ಅದರ ಮುಂದಿನದು ಜಿಮ್ನೇಸಿಯಂ. ವ್ಯಾಯಾಮಶಾಲೆಗೂ ಇದಕ್ಕೂ ಸಂಬಂಧವಿಲ್ಲ, ನಮ್ಮ ಪಿಯುಸಿ ಇರುವ ಜಾಗದಲ್ಲಿ ಇದನ್ನು ಇಟ್ಟು ನೋಡಿ. ಮೂರು ವರ್ಷದವು ಮೂರು: ಎಲ್ಲ ಬಗೆಯ ವಿಷಯಗಳಿರುವ ಎಸ್‌ಟಿಎಕ್ಸ್, ವ್ಯಾಪಾರ-ಅರ್ಥಶಾಸ್ತ್ರದ ಎಚ್‌ಎಚ್‌ಎಕ್ಸ್, ತಂತ್ರಜ್ಞಾನದ ಎಚ್‌ಟಿಎಕ್ಸ್. ಎರಡು ವರ್ಷದ್ದು ಎಚ್‌ಎಫ್. ಕಸುಬು ಕಲಿಯುತ್ತಲೇ ಜಿಮ್ನೇಸಿಯಂ ಮಟ್ಟದ ವಿಷಯಗಳನ್ನೂ ಮುಗಿಸುವುದು ಇಯುಎಕ್ಸ್. ಇವೆಲ್ಲ ಡ್ಯಾನಿಶ್‌ನಲ್ಲಿ. ಇಂಗ್ಲಿಷ್‌ನಲ್ಲಿ ಬೇಕೆಂದರೆ ಐಬಿ ಡಿಪ್ಲೊಮಾ. ಅದು ಕೆಲವು ಸರ್ಕಾರಿ ಜಿಮ್ನೇಸಿಯಂಗಳಲ್ಲೂ ಇದೆ: ಆರ್ಹುಸ್ ಕಡೆಯವರಿಗೆ ಟಿಲ್ಸ್ಟ್‌ನ ಲಾಂಗ್ಕೇರ್, ಆಲ್ಬೋರ್ಗ್‌ನಲ್ಲಿ ಹಾಸೆರಿಸ್, ಕೋಪನ್‌ಹೇಗನ್ ಕಡೆ ನೊರ್ರೆ ಮತ್ತು ಬಿರ್ಕರೋಡ್. ಅಲ್ಲೆಲ್ಲ ಮೊದಲು ಒಂದು ವರ್ಷ ಪ್ರೀ-ಐಬಿ, ಆಮೇಲೆ ಎರಡು ವರ್ಷ ಐಬಿ. ಸರ್ಕಾರಿ ಜಿಮ್ನೇಸಿಯಂ ಆದ್ದರಿಂದ ಬೋಧನಾ ಶುಲ್ಕವಿಲ್ಲ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಐಬಿ ಎಂದರೆ ಖಾಸಗಿ ಇಂಟರ್‌ನ್ಯಾಷನಲ್ ಶಾಲೆ, ತಿಂಗಳು ತಿಂಗಳು ಸಾವಿರಾರು ಕ್ರೋನರ್ ಎಂದುಕೊಂಡು ಕೂತಿರುತ್ತಾರೆ. ನಾವೂ ಹಾಗೇ ಇದ್ದೆವು.

ನಾವು ಬಂದಾಗ ಮಗಳಿಗೆ ಹನ್ನೊಂದು ವರ್ಷ. ನಮ್ಮವರಿಗೆ ಗಾಳಿಯಂತ್ರದ ಕಂಪನಿಯಲ್ಲಿ ಕೆಲಸ, ಎರಡೇ ವರ್ಷದ ಕರಾರು. ವಾಪಸ್ ಹೋಗುವವರೇ ತಾನೇ ಎಂದು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹಾಕಿದೆವು. ಕರಾರು ಮುಂದುವರಿಯಿತು. ಏಳನೇ ತರಗತಿಗೆ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಬದಲಾಯಿಸಿದೆವು. ಮೊದಲ ಆರು ತಿಂಗಳು ಅವಳು ಮನೆಗೆ ಬಂದು ಸೋಫಾ ಮೇಲೆ ಹಾಗೇ ಬಿದ್ದುಕೊಳ್ಳುತ್ತಿದ್ದಳು. ದಿನವಿಡೀ ಅರ್ಥವಾಗದ ಮಾತಿಗೆ ಕಿವಿ ಕೊಟ್ಟು ಮಗು ಸುಸ್ತಾಗುತ್ತಿತ್ತು. ಡ್ಯಾನಿಶ್ ಬರೆಯುವುದು ಒಂದು, ಆಡುವುದು ಇನ್ನೊಂದು. ಅರ್ಧ ಅಕ್ಷರ ನುಂಗಿಬಿಡುತ್ತಾರೆ. ಆದರೆ ಎಂಟನೇ ತರಗತಿಯ ಹೊತ್ತಿಗೆ ಒಂದು ದಿನ ಅಡುಗೆಮನೆಯಲ್ಲಿದ್ದ ನನಗೆ ಅವಳ ಕೋಣೆಯಿಂದ ನಗು ಕೇಳಿತು. ಫೋನಿನಲ್ಲಿ ಡ್ಯಾನಿಶ್‌ನಲ್ಲೇ ಜಗಳವಾಡಿ, ಡ್ಯಾನಿಶ್‌ನಲ್ಲೇ ನಗುತ್ತಿದ್ದಳು.

ಆದರೂ ನಮ್ಮಿಬ್ಬರ ಮನಸ್ಸು ಐಬಿ ಕಡೆಗೇ ಇತ್ತು. ಕಾರಣ ಸ್ಪಷ್ಟ. ಐಬಿ ನಮಗೆ ಗೊತ್ತಿರುವ ಹೆಸರು. ಆರು ವಿಷಯ, ಮೂರು ಮೇಲ್ಮಟ್ಟದಲ್ಲಿ, ಮೂರು ಸಾಧಾರಣ ಮಟ್ಟದಲ್ಲಿ, ಒಂದು ದೀರ್ಘ ಪ್ರಬಂಧ, 45ಕ್ಕೆ ಇಷ್ಟು ಅಂಕ. ನಾಳೆ ಸಿಂಗಪುರಕ್ಕೋ ಬೆಂಗಳೂರಿಗೋ ಹೋದರೂ ಯಾರಿಗೂ ವಿವರಿಸಬೇಕಾಗಿಲ್ಲ. ಎಚ್‌ಟಿಎಕ್ಸ್ ಎಂದರೆ ಯಾರಿಗೆ ಗೊತ್ತು?

ಒಂಬತ್ತನೇ ತರಗತಿಯಲ್ಲಿದ್ದಾಗ, ಜನವರಿ-ಫೆಬ್ರವರಿಯಲ್ಲಿ ಜಿಮ್ನೇಸಿಯಂಗಳು 'ಓಬೆಂತ್ ಹೂಸ್' ಇಡುತ್ತವೆ, ಅಂದರೆ ಶಾಲೆಯ ಬಾಗಿಲು ತೆರೆದಿಡುವ ಸಂಜೆ. ಇದನ್ನು ತಪ್ಪಿಸಬೇಡಿ. ನಾವು ನಾಲ್ಕು ಕಡೆ ಹೋದೆವು. ಪ್ರಿನ್ಸಿಪಾಲರ ಭಾಷಣ ಎಲ್ಲ ಕಡೆ ಒಂದೇ ಥರ. ನೋಡಬೇಕಾದ್ದು ಹಳೆಯ ವಿದ್ಯಾರ್ಥಿಗಳನ್ನು. ಅವರೇ ಶಾಲೆ ಸುತ್ತಿಸಿ ತೋರಿಸುತ್ತಾರೆ, ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತಾರೆ. ಐಬಿ ಸಂಜೆ ನನಗೆ ತುಂಬಾ ಹಿಡಿಸಿತು. ಹತ್ತಾರು ದೇಶದ ಮಕ್ಕಳು, ಎಲ್ಲರ ಇಂಗ್ಲಿಷೂ ಸರಾಗ. ಎಸ್‌ಟಿಎಕ್ಸ್ ಸಂಜೆಯಲ್ಲಿ ವಾದ್ಯಗೋಷ್ಠಿ, ನಾಟಕ. ಎಚ್‌ಎಚ್‌ಎಕ್ಸ್‌ಗೆ ಹೋದದ್ದು ಸುಮ್ಮನೆ, ಮಗಳಿಗೆ ಮಾರುಕಟ್ಟೆ ಗೀರುಕಟ್ಟೆಯಲ್ಲಿ ಆಸಕ್ತಿಯಿರಲಿಲ್ಲ.

ಎಚ್‌ಟಿಎಕ್ಸ್ ಸಂಜೆಯಲ್ಲಿ ಅವಳು ವರ್ಕ್‌ಶಾಪಿನ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಯಾವುದೋ ತಗಡಿಗೆ ತೂತು ಕೊರೆಯುತ್ತಿದ್ದರು. ಕಣ್ಣಿಗೆ ಕನ್ನಡಕ, ಗೋಡೆ ತುಂಬ ಅಳತೆಯ ಕ್ರಮದಲ್ಲಿ ನೇತುಹಾಕಿದ ಸ್ಪ್ಯಾನರುಗಳು. ಅವಳು ಚಿಕ್ಕವಳಿದ್ದಾಗ ಮಿಕ್ಸಿ ಬಿಚ್ಚಿ ಬೈಸಿಕೊಂಡವಳು. ಅರ್ಧ ಗಂಟೆ ಕಳೆದರೂ ಅಲ್ಲಿಂದ ಕದಲಲಿಲ್ಲ. ಕಾರಿನಲ್ಲಿ ಬರುತ್ತಾ ನಾನು ಐಬಿ ಮಾತೆತ್ತಿದೆ. "ಅಮ್ಮಾ, ಇಂಗ್ಲಿಷ್ ನಂಗೆ ಬರುತ್ತೆ, ಅದೆಲ್ಲೂ ಹೋಗಲ್ಲ. ಡ್ಯಾನಿಶ್ ಈಗ ಬಿಟ್ರೆ ಹೋಗ್ಬಿಡುತ್ತೆ," ಅಂದಳು. ನಮ್ಮವರು ಏನೂ ಹೇಳದೆ ಗಾಡಿ ಓಡಿಸುತ್ತಿದ್ದರು. ಮನೆಗೆ ಬಂದ ಮೇಲೆ, "ಅವಳು ಹೇಳ್ತಿರೋದು ಸರಿ ಕಣೆ," ಅಂದರು.

ಆ ರಾತ್ರಿಯಿಂದ ನಾನು ಉಲ್ಟಾ ಲೆಕ್ಕ ಹಾಕಲು ಶುರುಮಾಡಿದೆ. ಇದೇ ನಾನು ಬೇರೆಯವರಿಗೆ ಕೊಡುವ ಮೊದಲ ಸಲಹೆ. ಜಿಮ್ನೇಸಿಯಂನಿಂದ ಶುರುಮಾಡಬೇಡಿ, ಅದರ ಆಚೆಗಿನ ಪದವಿಯಿಂದ ಹಿಂದಕ್ಕೆ ಬನ್ನಿ. ಇಲ್ಲಿ ಪ್ರತಿ ವಿಷಯಕ್ಕೂ ಎ, ಬಿ, ಸಿ ಎಂಬ ಮಟ್ಟಗಳಿವೆ. ಎ ಎಲ್ಲಕ್ಕಿಂತ ಮೇಲಿನದು. ಯಾವ ಪದವಿಗೆ ಯಾವ ವಿಷಯ ಯಾವ ಮಟ್ಟದಲ್ಲಿ ಬೇಕು ಎಂಬುದು ಸರ್ಕಾರದ ಯುಜಿ ಡಾಟ್ ಡಿಕೆ ಜಾಲತಾಣದಲ್ಲಿ ಸಿಗುತ್ತದೆ. ಎಂಜಿನಿಯರಿಂಗ್‌ಗೆ ಗಣಿತ ಎ ಮಟ್ಟದಲ್ಲೇ ಬೇಕು, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವೂ ಬೇಕು. ಡ್ಯಾನಿಶ್‌ನಲ್ಲಿ ಕಲಿಸುವ ಪದವಿಗಳು ಡ್ಯಾನಿಶ್ ಭಾಷೆಯನ್ನೂ ಎ ಮಟ್ಟದಲ್ಲಿ ಕೇಳುತ್ತವೆ. ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿ. ಡೆನ್ಮಾರ್ಕಿನ ಬ್ಯಾಚಲರ್ ಪದವಿಗಳಲ್ಲಿ ಬಹುಪಾಲು ಡ್ಯಾನಿಶ್‌ನಲ್ಲಿವೆ. ಇಂಗ್ಲಿಷ್‌ನವು ಮೊದಲೇ ಕಡಿಮೆ, 2021ರಲ್ಲಿ ಸಂಸತ್ತಿನ ಪಕ್ಷಗಳು ಒಪ್ಪಂದ ಮಾಡಿಕೊಂಡ ಮೇಲೆ ಇನ್ನೂ ಕಡಿಮೆಯಾದವು. ಡ್ಯಾನಿಶ್ ಇಲ್ಲದೆ ಐಬಿ ಮುಗಿಸಿದ ಮಗು ಇಲ್ಲೇ ವೈದ್ಯಳೋ ಎಂಜಿನಿಯರೋ ಆಗಬೇಕೆಂದರೆ ಮತ್ತೆ ಕೂತು ಸ್ಟುಡಿಪ್ರೋವೆನ್ ಎಂಬ ಭಾಷಾ ಪರೀಕ್ಷೆ ಕಟ್ಟಬೇಕು. ಎಚ್‌ಟಿಎಕ್ಸ್‌ನಲ್ಲಿ ಡ್ಯಾನಿಶ್ ಎ ಕಡ್ಡಾಯ. ಮುಗಿಸಿದರೆ ಆ ಬಾಗಿಲು ತಾನಾಗಿ ತೆರೆಯುತ್ತದೆ.

ಅರ್ಜಿ ಹಾಕುವುದು ಸುಲಭ. ಆಪ್ಟೇಗೆಲ್ಸೆ ಡಾಟ್ ಡಿಕೆ ಎಂಬ ಒಂದೇ ಜಾಲತಾಣ, ಮಾರ್ಚ್ 1 ಕೊನೆಯ ದಿನ, ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ಮಗುವಿಗೆ ಹದಿನೆಂಟು ಆಗಿಲ್ಲದಿದ್ದರೆ ತಂದೆತಾಯಿ ತಮ್ಮ ಮಿಟ್‌ಐಡಿ ಎಂಬ ಡಿಜಿಟಲ್ ಗುರುತಿನಿಂದ ಸಹಿ ಹಾಕಬೇಕು. ನಾವು ಹಾಕಿದ 2022ರಲ್ಲಿ ಮೂರು ವರ್ಷದ ಓದಿಗೆ ಅಂಕಗಳ ಸರಾಸರಿ 5 ಬೇಕಿತ್ತು, ಎಚ್‌ಎಫ್‌ಗೆ 4. ನಿಯಮ ಬದಲಾಗುತ್ತಿರುತ್ತದೆ, ನಿಮ್ಮ ವರ್ಷದ್ದನ್ನು ನೋಡಿಕೊಳ್ಳಿ.

ಅಂಕ ಎಂದೆನಲ್ಲ, ಇಲ್ಲಿನ ಅಂಕಪಟ್ಟಿ ನೋಡಿ ನನಗೆ ಎದೆ ಧಸಕ್ಕೆಂದಿತ್ತು. ಒಟ್ಟು ಏಳೇ ಅಂಕ: -3, 00, 02, 4, 7, 10, 12. 02 ಬಂದರೆ ಪಾಸು. ಎಂಟನೇ ತರಗತಿಯಲ್ಲಿ ಡ್ಯಾನಿಶ್ ಪ್ರಬಂಧಕ್ಕೆ 4 ಬಂದಾಗ ನೂರಕ್ಕೆ ನಾಲ್ಕೇ ಎಂಬಷ್ಟು ಗಾಬರಿಯಾದೆ. ಅವಳೇ ನನ್ನನ್ನು ಕೂರಿಸಿ ವಿವರಿಸಬೇಕಾಯಿತು. 7 ಎಂದರೆ ಒಳ್ಳೆಯದು, 10 ಬಂದರೆ ಮನೆಯಲ್ಲಿ ಪಾಯಸ ಮಾಡಬಹುದು.

ನೋವಾದ ಒಂದು ಸಂಗತಿ ಬರೆಯಲೇಬೇಕು. ಒಂಬತ್ತನೇ ತರಗತಿಯಲ್ಲಿ ಮಾರ್ಗದರ್ಶನ ಮಾಡುವವರೊಬ್ಬರು ನಮ್ಮನ್ನು ಕರೆದು, "ಇವಳ ಡ್ಯಾನಿಶ್ ಜಿಮ್ನೇಸಿಯಂಗೆ ಸಾಲದು, ಹತ್ತನೇ ತರಗತಿ ಮಾಡಲಿ, ಇಲ್ಲವೇ ಎಚ್‌ಎಫ್ ಯೋಚಿಸಿ," ಎಂದರು. ಇಲ್ಲಿ ಹತ್ತನೇ ತರಗತಿ ಐಚ್ಛಿಕ. ಎಷ್ಟೋ ಡ್ಯಾನಿಶ್ ಮಕ್ಕಳು ಎಫ್ಟರ್‌ಸ್ಕೋಲೆ ಎಂಬ ವಸತಿ ಶಾಲೆಗೆ ಹೋಗಿ ಆ ವರ್ಷವನ್ನು ಖುಷಿಯಿಂದ ಕಳೆಯುತ್ತಾರೆ, ಅದರಲ್ಲಿ ಕೀಳೇನೂ ಇಲ್ಲ. ಆದರೆ ಅವರು ಮಗಳ ಗಣಿತದ ಅಂಕ ನೋಡಲೇ ಇಲ್ಲ, ಅವಳಿಗೆ ಏನು ಬೇಕು ಎಂದು ಅವಳನ್ನು ಕೇಳಲಿಲ್ಲ. ಅವಳು ಅಲ್ಲೇ ಕೂತಿದ್ದಳು, ಮಾತೆಲ್ಲ ನಮ್ಮ ಜೊತೆ. ಆ ದಿನ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಬಂದದ್ದು ನನಗೆ ಇವತ್ತಿಗೂ ಮರೆಯಲಾಗಿಲ್ಲ. ನಾವು ಎಚ್‌ಟಿಎಕ್ಸ್ ಜಿಮ್ನೇಸಿಯಂನ ಮಾರ್ಗದರ್ಶಕರಿಗೆ ನೇರವಾಗಿ ಪತ್ರ ಬರೆದೆವು, ಅವರು ಅವಳನ್ನು ಕರೆಸಿ ಇಪ್ಪತ್ತು ನಿಮಿಷ ಅವಳ ಜೊತೆಗೇ ಮಾತಾಡಿದರು. ಡ್ಯಾನಿಶ್ ಕಷ್ಟವಾಗುತ್ತದೆ, ನಿಜ, ಆದರೆ ನಿಭಾಯಿಸಬಲ್ಲಳು ಎಂದರು. ಒಬ್ಬರು ಬೇಡ ಎಂದರೆ ಇನ್ನೊಬ್ಬರನ್ನು ಕೇಳಿ. ಇದನ್ನು ಒತ್ತಿ ಹೇಳುತ್ತೇನೆ.

ಡ್ಯಾನಿಶ್ ಕಷ್ಟವಾದದ್ದು ಖಂಡಿತ. ಭೌತಶಾಸ್ತ್ರದ ಡ್ಯಾನಿಶ್ ಅವಳಿಗೆ ತೊಂದರೆ ಕೊಡಲಿಲ್ಲ. ಸೂತ್ರ ಎಲ್ಲ ಭಾಷೆಯಲ್ಲೂ ಒಂದೇ. ಆದರೆ ಸಾಹಿತ್ಯ! ನೂರೈವತ್ತು ವರ್ಷ ಹಳೆಯ ಕಥೆ, ಅದರಲ್ಲಿ ಲೇಖಕ ಹೇಳದೆ ಬಿಟ್ಟಿದ್ದು ಏನು ಎಂದು ನಾಲ್ಕು ಪುಟ ಬರೆಯಬೇಕು. ಮೊದಲ ವರ್ಷ ವಾರಕ್ಕೆರಡು ಮಧ್ಯಾಹ್ನ ಶಾಲೆಯ ಲೆಕ್ಟಿಕಫೆಯಲ್ಲಿ ಕೂರುತ್ತಿದ್ದಳು. ಪಾಠ ಮುಗಿದ ಮೇಲೆ ಮೇಷ್ಟರುಗಳು ಕೂತು ಹೋಂವರ್ಕಿಗೆ ಸಹಾಯ ಮಾಡುವ ಜಾಗ ಅದು, ದುಡ್ಡು ಕೊಡಬೇಕಾಗಿಲ್ಲ. ಮೂರು ವರ್ಷದ ಕೊನೆಗೆ ಡ್ಯಾನಿಶ್ ಬರವಣಿಗೆಗೆ ಅವಳಿಗೆ ಬಂದದ್ದು 7. ನನ್ನ ಕಣ್ಣಿಗೆ ಅವಳ ಅಂಕಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕ ಅದೇ.

ಓದು ನಡೆಯುವ ರೀತಿ ಹೀಗೆ. ಆಗಸ್ಟಿನಲ್ಲಿ ಶುರು. ಮೊದಲ ಸುಮಾರು ಮೂರು ತಿಂಗಳು ಎಲ್ಲರಿಗೂ ಸಾಮಾನ್ಯ ಪಾಠ, ಅದಾದ ಮೇಲೆ ವಿಷಯಗಳ ಗುಚ್ಛ ಆರಿಸಿಕೊಳ್ಳಬೇಕು. ಅವಳದು ಗಣಿತ ಎ, ಭೌತಶಾಸ್ತ್ರ ಎ. ಯಾವುದಾದರೂ ವಿಷಯದ ಮಟ್ಟ ಕಮ್ಮಿ ಬಿದ್ದರೆ ಆಮೇಲೆ ಪೂರಕ ಕೋರ್ಸ್ ಮಾಡಿ ಏರಿಸಿಕೊಳ್ಳಬಹುದು, ಹಾಗಾಗಿ ಆ ಆಯ್ಕೆಯ ಬಗ್ಗೆ ರಾತ್ರಿ ನಿದ್ದೆಗೆಡಬೇಡಿ. ಮೇಷ್ಟರುಗಳನ್ನು ಹೆಸರು ಹಿಡಿದೇ ಕರೆಯುತ್ತಾರೆ, ಸರ್ ಮೇಡಂ ಇಲ್ಲ. ಗುಂಪಿನಲ್ಲಿ ಕೆಲಸ ಮಾಡುವುದೇ ಹೆಚ್ಚು. ಪಾಠದ ವೇಳಾಪಟ್ಟಿ, ಮನೆಗೆಲಸ, ಗೈರುಹಾಜರಿ ಎಲ್ಲ ಲೆಕ್ಟಿಯೋ ಎಂಬ ವ್ಯವಸ್ಥೆಯಲ್ಲಿ ಕಾಣುತ್ತದೆ. ಗೈರುಹಾಜರಿಯನ್ನು ಶೇಕಡಾ ಲೆಕ್ಕದಲ್ಲಿ ಹಿಡಿಯುತ್ತಾರೆ. ಬರೆದು ಕೊಡಬೇಕಾದ್ದನ್ನು ಕೊಡದಿದ್ದರೂ ಅದು ಗೈರೇ. ಡಿಸೆಂಬರಿನಲ್ಲಿ ಊರಿಗೆ ಹೋಗಲು ಟಿಕೆಟ್ ಅಗ್ಗವಿದೆ ಎಂದು ಎರಡು ವಾರ ಮೊದಲೇ ಹೊರಡುವ ಅಭ್ಯಾಸ ನಮ್ಮವರಿಗಿದೆ, ಅದಕ್ಕಾಗಿ ಇದನ್ನು ಬರೆದೆ.

ಖರ್ಚು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಶುಲ್ಕವಿಲ್ಲ, ಪುಸ್ತಕ ಶಾಲೆಯೇ ಕೊಡುತ್ತದೆ, ಲ್ಯಾಪ್‌ಟಾಪ್ ನಮ್ಮದು. ಬಸ್ಸು ರೈಲಿಗೆ ರಿಯಾಯಿತಿಯ ಉಂಗ್ಡೊಮ್ಸ್‌ಕೋರ್ಟ್ ಎಂಬ ಪಾಸ್ ಇದೆ. ಹದಿನೆಂಟಾದ ಮೇಲೆ ಎಸ್‌ಯು ಎಂಬ ವಿದ್ಯಾರ್ಥಿ ವೇತನವಿದೆ. ವಿದೇಶಿಯರು ಸಮಾನ ಸ್ಥಾನಮಾನಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು. ಇಪ್ಪತ್ತು ತುಂಬುವ ಮೊದಲು ತಂದೆತಾಯಿಯ ಜೊತೆ ಬಂದು ಇಲ್ಲೇ ನೆಲೆಸಿರುವ ಮಕ್ಕಳಿಗೆ ಆ ದಾರಿ ತೆರೆದಿದೆ. ನಮಗೆ ಇದು ತಡವಾಗಿ ಗೊತ್ತಾಯಿತು, ಕೆಲವು ತಿಂಗಳ ಹಣ ಹೋಯಿತು.

ಇನ್ನು ಪಾರ್ಟಿಗಳ ವಿಷಯ. ಶುಕ್ರವಾರದ ಕೆಫೆ ಎಂದರೆ ಶಾಲೆಯೊಳಗೇ ಬಿಯರ್. ಹದಿನಾರು ತುಂಬಿದ ಮಕ್ಕಳು ಅಂಗಡಿಯಲ್ಲೂ ಬಿಯರ್ ಕೊಳ್ಳಬಹುದು. ನನಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಹೋಗಬೇಡ ಎಂದರೆ ಗೆಳೆತನವೇ ಬೆಳೆಯುವುದಿಲ್ಲ, ಯಾಕೆಂದರೆ ತರಗತಿ ಒಂದಾಗುವುದು ಅಲ್ಲೇ. ನಾವು ಒಂದು ಒಪ್ಪಂದಕ್ಕೆ ಬಂದೆವು: ಹೋಗಲಿ, ಕುಡಿಯುವುದು ಬೇಡ, ಹನ್ನೊಂದೂವರೆಯ ಬಸ್ಸಿಗೆ ಬರಲಿ. ಅವಳ ತರಗತಿಯಲ್ಲಿ ಕುಡಿಯದ ಇನ್ನಿಬ್ಬರಿದ್ದರು, ಮೂವರೂ ಕೋಲಾ ಹಿಡಿದು ಕುಣಿದು ಬರುತ್ತಿದ್ದರು. ಯಾರೂ ಗೇಲಿ ಮಾಡಲಿಲ್ಲವಂತೆ.

ಈಗ ಎಚ್‌ಟಿಎಕ್ಸ್‌ನ ಜೀವಾಳಕ್ಕೆ ಬರುತ್ತೇನೆ. ಮೂರನೇ ವರ್ಷ 'ಟೆಕ್ನಿಕ್‌ಫಾಗ್' ಎಂಬ ವಿಷಯ ಎ ಮಟ್ಟದಲ್ಲಿ ಕಡ್ಡಾಯ. ಮಕ್ಕಳು ಒಂದು ನಿಜವಾದ ತೊಂದರೆ ಹುಡುಕಿ, ಅದಕ್ಕೆ ವಸ್ತು ತಯಾರಿಸಿ, ವರದಿ ಬರೆದು, ಪರೀಕ್ಷಕರ ಮುಂದೆ ಸಮರ್ಥಿಸಬೇಕು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ತೊಂಬತ್ತು ವರ್ಷ, ಇನ್ನೂ ಸೈಕಲ್ ಹೊಡೆಯುತ್ತಾರೆ. ಆದರೆ ಇಳಿದ ಮೇಲೆ ನಡೆಯಲು ಊರುಗೋಲು ಬೇಕು. ಕೋಲನ್ನು ಹಿಂದಿನ ಕ್ಯಾರಿಯರ್‌ಗೆ ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಿದ್ದರು, ಅದು ಜಾರಿ ಚಕ್ರಕ್ಕೆ ಸಿಕ್ಕಿ ಒಮ್ಮೆ ಬಿದ್ದಿದ್ದರು. ಮಗಳೂ ಅವಳ ಇಬ್ಬರು ಜೊತೆಗಾರರೂ ಸೇರಿ ಸೈಕಲ್ಲಿನ ಚೌಕಟ್ಟಿಗೆ ಕೂರುವ ಒಂದು ಹಿಡಿಕೆ ಮಾಡಿದರು. ಮೊದಲನೆಯದು ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್. ನೋಡಲು ಚೆಂದ. ಜನವರಿಯ ಚಳಿಗೆ ಒಂದು ರಾತ್ರಿ ಹೊರಗಿಟ್ಟು ಬೆಳಗ್ಗೆ ಕೋಲು ತುರುಕಿದರೆ ಟಪ್ಪೆಂದು ಸೀಳಿತು. ಎರಡನೆಯದನ್ನು ಅಲ್ಯೂಮಿನಿಯಂ ತಗಡು ಬಗ್ಗಿಸಿ ಮಾಡಿದರು. ಅದು ಮುರಿಯಲಿಲ್ಲ, ಆದರೆ ಅಜ್ಜಿ ಉಣ್ಣೆಯ ಕೈಗವಸು ಹಾಕಿಕೊಂಡರೆ ಚಿಲಕ ಬಿಚ್ಚಲು ಬರುತ್ತಿರಲಿಲ್ಲ. ಅಜ್ಜಿಯ ಮಾತು ಅಪ್ಪಟ ಯೂಲೆಂಡಿನ ಗ್ರಾಮ್ಯ, ನನಗೆ ಒಂದಕ್ಷರ ಅರ್ಥವಾಗುವುದಿಲ್ಲ. ಮಗಳು ಮಾತ್ರ ಗ್ಯಾರೇಜಿನಲ್ಲಿ ಅವರ ಪಕ್ಕ ಮಂಡಿಯೂರಿ ಕೂತು, ಕೈಗವಸಿನ ಹೆಬ್ಬೆರಳಿನ ದಪ್ಪವನ್ನು ಕ್ಯಾಲಿಪರ್ಸ್‌ನಿಂದ ಅಳೆದು ಬರೆದುಕೊಂಡಳು. ಮೂರನೆಯ ಹಿಡಿಕೆಗೆ ಚಿಲಕವೇ ಇಲ್ಲ, ಕೋಲನ್ನು ಮೇಲಿಂದ ಒತ್ತಿದರೆ ಕೂರುತ್ತದೆ, ತಿರುಗಿಸಿದರೆ ಬರುತ್ತದೆ.

ಪರೀಕ್ಷೆಯ ದಿನ ಮೇಜಿನ ಮೇಲೆ ಮೂರನ್ನೂ ಇಟ್ಟಳಂತೆ, ಸೀಳಿದ್ದನ್ನು ಮೊದಲಿಗೆ. ಒಳಗೆ ಅವಳ ಮೇಷ್ಟರು, ಜೊತೆಗೆ ಹೊರಗಿನಿಂದ ಬಂದ ಪರೀಕ್ಷಕರು, ಇಲ್ಲಿ ಅವರಿಗೆ ಸೆನ್ಸಾರ್ ಎನ್ನುತ್ತಾರೆ. ಯಾಕೆ ಸೀಳಿತು ಎಂಬುದನ್ನೇ ಅವರು ಹೆಚ್ಚು ಹೊತ್ತು ಕೇಳಿದ್ದು. ಮಾತು ಮುಗಿದ ಮೇಲೆ ವಿದ್ಯಾರ್ಥಿಯನ್ನು ಹೊರಗೆ ಕಳಿಸುತ್ತಾರೆ, ಇಬ್ಬರೂ ಚರ್ಚಿಸುತ್ತಾರೆ, ಮತ್ತೆ ಒಳಗೆ ಕರೆದು ಅಂಕ ಹೇಳಿ, ಯಾಕೆ ಅಷ್ಟು ಎಂದೂ ಅಲ್ಲೇ ಹೇಳುತ್ತಾರೆ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಉಸಿರು ಬಿಗಿಹಿಡಿದು ಕಾದವರು ನಾವು. ಐದು ನಿಮಿಷದಲ್ಲಿ ಬಾಗಿಲು ತೆರೆದು ಮಗಳು "ಹತ್ತು!" ಎಂದಾಗ ನನಗೆ ಅದು ನಿಜವೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆಗಲೇ ಟೋಪಿ ಇಟ್ಟದ್ದು.

ಹಾಗಾದರೆ ಎಲ್ಲರೂ ಎಚ್‌ಟಿಎಕ್ಸ್‌ಗೇ ಹಾಕಬೇಕೆ? ಇಲ್ಲ. ಮಗು ಹದಿನಾಲ್ಕು ಹದಿನೈದಕ್ಕೆ ಬಂದಿದ್ದರೆ, ಡ್ಯಾನಿಶ್ ಈಗಷ್ಟೇ ಶುರುವಾಗಿದ್ದರೆ, ಸರ್ಕಾರಿ ಜಿಮ್ನೇಸಿಯಂನ ಐಬಿಯೇ ಸರಿ. ಎರಡು ಮೂರು ವರ್ಷಕ್ಕೆ ದೇಶ ಬಿಡುವುದು ಖಚಿತವಿದ್ದರೂ ಅದೇ. ನಮ್ಮ ಪರಿಚಯದ ಒಬ್ಬ ಹುಡುಗ ಹಾಗೆ ಐಬಿ ಸೇರಿ ಚೆನ್ನಾಗಿ ಓದುತ್ತಿದ್ದಾನೆ. ಜೊತೆಗೆ ಸಂಜೆ ಡ್ಯಾನಿಶ್ ಕಲಿಯುತ್ತಿದ್ದಾನೆ, ಅದನ್ನು ಮಾತ್ರ ಬಿಡಿಸಬೇಡಿ. ಐಬಿಯ ಓದು ಸಲೀಸು ಎಂದುಕೊಳ್ಳಬೇಡಿ, ಓದುವ ಹೊರೆ ಎಚ್‌ಟಿಎಕ್ಸ್‌ಗಿಂತ ಜಾಸ್ತಿ ಎಂದೇ ನನ್ನ ಎಣಿಕೆ. ಇತಿಹಾಸ, ಭಾಷೆ, ಸಂಗೀತದ ಮಗುವನ್ನು ವರ್ಕ್‌ಶಾಪಿಗೆ ತಳ್ಳಬೇಡಿ, ಎಸ್‌ಟಿಎಕ್ಸ್ ಇದೆ. ಹಾಗೇ ಇನ್ನೊಂದು: ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಶುಲ್ಕವಿದೆ. ವಿನಾಯಿತಿ ಸಿಗುತ್ತದೋ ಇಲ್ಲವೋ ಎಂಬುದು ನಿಮ್ಮ ವಾಸದ ಪರವಾನಗಿ ಯಾವ ಬಗೆಯದು ಎಂಬುದರ ಮೇಲೆ. ಮಗು ಜಿಮ್ನೇಸಿಯಂ ಸೇರುವ ವರ್ಷವೇ ಇದನ್ನು ವಿಚಾರಿಸಿ, ಮುಗಿಸುವ ವರ್ಷವಲ್ಲ.

ಟೋಪಿ ಇಟ್ಟ ಕೆಲವು ದಿನಕ್ಕೆ ಲಾರಿ ಬಂತು. ತರಗತಿಯ ಮಕ್ಕಳೆಲ್ಲ ಅಲಂಕರಿಸಿದ ಲಾರಿ ಏರಿ ಒಬ್ಬೊಬ್ಬರ ಮನೆಗೂ ಹೋಗುವುದು ಇಲ್ಲಿನ ಪದ್ಧತಿ. ನಮ್ಮ ಮನೆಗೆ ಬಂದಾಗ ಮಧ್ಯಾಹ್ನ ಮೂರು. ಇಪ್ಪತ್ತಾರು ಮಕ್ಕಳು ಹದಿನೈದು ನಿಮಿಷದಲ್ಲಿ ಮೂರು ತಟ್ಟೆ ಮದ್ದೂರು ವಡೆ ಖಾಲಿ ಮಾಡಿದರು. ಪಕ್ಕದ ಅಜ್ಜಿ ಬೇಲಿಯಾಚೆ ಸೈಕಲ್ ನಿಲ್ಲಿಸಿ, ಕೋಲನ್ನು ತಿರುಗಿಸಿ ತೆಗೆದು, ಅದನ್ನೇ ಎತ್ತಿ ಮಕ್ಕಳಿಗೆ ಬೀಸಿದರು.

ಮಗನಿಗೆ ಈಗ ಎಂಟನೇ ತರಗತಿ. ಅವನು ಇಲ್ಲೇ ಶಾಲೆ ಶುರುಮಾಡಿದವನು, ಡ್ಯಾನಿಶ್ ನೀರು ಕುಡಿದ ಹಾಗೆ. ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಹುಡುಗನಲ್ಲ, ದಿನವಿಡೀ ತಬಲಾ ಬಾರಿಸುತ್ತಾನೆ. ಮುಂದಿನ ವರ್ಷ ಜನವರಿಯಲ್ಲಿ ಅವನ ಜೊತೆ ಮತ್ತೆ ನಾಲ್ಕು ಶಾಲೆಗಳ ಬಾಗಿಲಿಗೆ ಹೋಗಬೇಕು. ಎಸ್‌ಟಿಎಕ್ಸ್‌ನಲ್ಲಿ ಸಂಗೀತವನ್ನು ಎ ಮಟ್ಟದಲ್ಲಿ ತೆಗೆದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ, ಆ ವಾದ್ಯಗೋಷ್ಠಿಯಲ್ಲಿ ತಬಲಾಗೆ ಜಾಗ ಮಾಡಿಕೊಡುತ್ತಾರೆಯೇ ಎಂದು ಅವನು ಕೇಳುತ್ತಿದ್ದಾನೆ.